ರಿಚರ್ಡ್ ಸೆರಾ: ಆ ಉಕ್ಕಿನ ಗೋಡೆಗಳಲ್ಲಿ ಏನಿದೆ?

ಉಕ್ಕಿನೂರು:

ರಿಚರ್ಡ್ ಸೆರಾ ಅವರ ಶಿಲ್ಪದ ಫೋಟೋ ಯಾರಿಗೆ ತೋರಿಸಿದರೂ ಬರುವ ಮೊದಲ ಮಾತು ಒಂದೇ. ಇದರಲ್ಲೇನಿದೆ, ತುಕ್ಕು ಹಿಡಿದ ಕಬ್ಬಿಣದ ಗೋಡೆ ಅಲ್ವಾ? ಫೋಟೋದಲ್ಲಿ ಕಾಣುವುದೂ ಅಷ್ಟೇ, ಹಾಗಾಗಿ ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ಆದರೆ ನಮ್ಮ ಕಾಲದ ಶಿಲ್ಪಿಗಳಲ್ಲಿ ನನಗೆ ಇವರಷ್ಟು ದೊಡ್ಡವರು ಇನ್ನೊಬ್ಬರಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಒಪ್ಪಿಗೆ ಇಲ್ಲದವರು ಖಂಡಿತ ವಾದ ಮಾಡಿ.

ಸೆರಾ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ತೀರಿಕೊಂಡದ್ದು 2024ರ ಮಾರ್ಚ್ 26ರಂದು, 85ನೇ ವಯಸ್ಸಿನಲ್ಲಿ. ಅಪ್ಪ ಸ್ಪೇನಿನ ಮಯೋರ್ಕಾ ದ್ವೀಪದ ಮೂಲದವರು, ಹಡಗು ಕಟ್ಟುವ ಯಾರ್ಡ್‌ನಲ್ಲಿ ಪೈಪ್ ಫಿಟ್ಟರ್ ಆಗಿದ್ದರು. ಮಗನ ನಾಲ್ಕನೇ ಹುಟ್ಟುಹಬ್ಬದ ದಿನ ಅವನನ್ನು ಯಾರ್ಡ್‌ಗೆ ಕರೆದುಕೊಂಡು ಹೋಗಿ ಹಡಗು ನೀರಿಗಿಳಿಸುವುದನ್ನು ತೋರಿಸಿದರು. ಅಷ್ಟು ಭಾರದ ಉಕ್ಕು, ಆಧಾರದ ಮರದ ದಿಮ್ಮಿಗಳನ್ನೆಲ್ಲ ತೆಗೆದ ಮೇಲೆ ಜಾರಿ ನೀರಿಗೆ ಬಿತ್ತು, ಅರ್ಧ ಮುಳುಗಿತು, ಆಮೇಲೆ ಎದ್ದು ಹಗುರಾಗಿ ತೇಲಿತು. ತನಗೆ ಬೇಕಾದ ಸರಕೆಲ್ಲ ಆ ಒಂದು ನೆನಪಿನಲ್ಲೇ ಇದೆ ಅಂತ ಸೆರಾ ಮುಂದೆ ಬರೆದುಕೊಂಡರು. ಓದುವಾಗ ಖರ್ಚಿಗೆ ಅಂತ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದರು. ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು, ಆಮೇಲೆ ಯೇಲ್‌ನಲ್ಲಿ ಪೇಂಟಿಂಗ್. ಪ್ಯಾರಿಸ್‌ಗೆ ಹೋದಾಗ ಶಿಲ್ಪಿ ಬ್ರಾಂಕುಸಿಯ ಸ್ಟುಡಿಯೊ ನೋಡಲು ದಿನಾ ಅನ್ನುವಷ್ಟು ಹೋಗುತ್ತಿದ್ದರಂತೆ. ಮ್ಯಾಡ್ರಿಡ್‌ನಲ್ಲಿ ಹಳೇ ಕಾಲದ ಚಿತ್ರಕಾರ ವೆಲಾಸ್ಕೆಸ್ ಚಿತ್ರದ ಮುಂದೆ ನಿಂತು, ಇಷ್ಟರ ಮೇಲೆ ನಾನು ಪೇಂಟಿಂಗ್‌ನಲ್ಲಿ ಮಾಡುವುದೇನಿದೆ ಅನಿಸಿ ಕುಂಚ ಕೆಳಗಿಟ್ಟರು.

1966ರಲ್ಲಿ ನ್ಯೂಯಾರ್ಕಿಗೆ ಬಂದಾಗ ಕೈಯಲ್ಲಿ ಕಾಸಿಲ್ಲ. ಗೆಳೆಯರ ಜೊತೆ ಸೇರಿ ಜನರ ಮನೆ ಸಾಮಾನು ಸಾಗಿಸುವ ಕೆಲಸ ಮಾಡಿದರು. ಆ ಗುಂಪಿನಲ್ಲಿ ಸಂಗೀತಗಾರ ಫಿಲಿಪ್ ಗ್ಲಾಸ್ ಕೂಡ ಇದ್ದರು. ಆಗಲೇ ಒಂದು ಹಾಳೆಯಲ್ಲಿ ಬರೀ ಕ್ರಿಯಾಪದಗಳ ಪಟ್ಟಿ ಮಾಡಿದರು: ಸುತ್ತು, ಮಡಚು, ಬಗ್ಗಿಸು, ಎಸೆ, ಸೀಳು, ಹೀಗೆ. ಸಾಮಗ್ರಿ ಎದುರಿಗಿಟ್ಟುಕೊಂಡು ಇದರಿಂದ ಯಾವ ಮೂರ್ತಿ ಮಾಡಲಿ ಅಂತ ಯೋಚಿಸುವುದನ್ನೇ ಬಿಟ್ಟರು. ಇದನ್ನು ಏನು ಮಾಡಿದರೆ ಏನಾಗುತ್ತದೆ ಅಂತ ನೋಡಿದರು. ಕರಗಿದ ಸೀಸವನ್ನು ಸೌಟಿನಲ್ಲಿ ಗೋಡೆಯ ಬುಡಕ್ಕೆ ಎರಚಿದರು, ಅದು ಬಿದ್ದಲ್ಲೇ ಗಟ್ಟಿಯಾಯಿತು. 1969ರಲ್ಲಿ ನಾಲ್ಕಡಿ ಚೌಕದ ನಾಲ್ಕು ಸೀಸದ ಪ್ಲೇಟುಗಳನ್ನು ತಂದು, ಬೆಸುಗೆ ಇಲ್ಲ, ಬೋಲ್ಟ್ ಇಲ್ಲ, ಸುಮ್ನೆ ಒಂದಕ್ಕೊಂದು ಆನಿಸಿ ನಿಲ್ಲಿಸಿದರು. ಒಂದೊಂದೂ ಹತ್ತಿರ ಹತ್ತಿರ 225 ಕೆ.ಜಿ. ಅದು ನಿಂತಿರುವುದು ತನ್ನ ಭಾರದಿಂದಲೇ. ಒಂದು ಪ್ಲೇಟ್ ತೆಗೆದರೆ ಉಳಿದವು ಬೀಳುತ್ತವೆ. ಅದರ ಪಕ್ಕ ನಿಂತಾಗ ನಿಮ್ಮ ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ. ಆ ಒಂದು ಹೆಜ್ಜೆಯೇ ಸೆರಾ ಅವರ ಕೆಲಸ ಅಂತ ನನ್ನ ನಂಬಿಕೆ. ಅವರ ಶಿಲ್ಪ ತಲುಪುವುದು ಮೊದಲು ಮೈಗೆ, ಕಣ್ಣಿಗೆ ಆಮೇಲೆ.

ದಾರಿಹೋಕ:

ಚೆನ್ನಾಗಿ ಬರೆದಿದ್ದೀರಿ ಮೇಡಂ, ಆದರೆ ನನ್ನ ತಕರಾರು ಅಲ್ಲೇ ಇದೆ. ನಾನು ಹಾಸನದವನು. ಬೇಲೂರು, ಹಳೇಬೀಡು ನೋಡುತ್ತಾ ಬೆಳೆದವನು. ಶಿಲ್ಪಿ ಅಂದರೆ ಕಲ್ಲಿನ ಮುಂದೆ ಕೂತು, ಉಳಿ ಹಿಡಿದು, ವರ್ಷಗಟ್ಟಲೆ ಕೆತ್ತುವವನು. ಇವರು ಕಾರ್ಖಾನೆಗೆ ಡ್ರಾಯಿಂಗ್ ಕಳಿಸುತ್ತಾರೆ, ಅಲ್ಲಿಯವರು ಪ್ಲೇಟ್ ಬಗ್ಗಿಸಿ ಕೊಡುತ್ತಾರೆ, ಕ್ರೇನ್‌ನವರು ನಿಲ್ಲಿಸುತ್ತಾರೆ. ಕೈಕೆಲಸ ಎಲ್ಲಿದೆ? ಹೆಸರು ಮಾತ್ರ ಇವರದು. ಮೈಗೆ ಅನಿಸುವುದೇ ಕಲೆ ಆದರೆ ಮೇಲ್ಸೇತುವೆ ಕೆಳಗೆ ನಿಂತರೂ ಮೈಗೆ ಏನೋ ಅನಿಸುತ್ತದೆ.

ಕುಂಚ:

ದಾರಿಹೋಕ ಸರ್, ಮೇಲ್ಸೇತುವೆಯ ಮಾತು ಸೆರಾ ಅವರಿಗೆ ಕೇಳಿಸಿದ್ದರೆ ಖುಷಿಪಡುತ್ತಿದ್ದರೇನೋ. ಹಡಗು, ಸೇತುವೆ, ಅಣೆಕಟ್ಟು, ಇವೇ ಅವರಿಗೆ ಇಷ್ಟದವು. ವ್ಯತ್ಯಾಸ ಏನೆಂದರೆ ಸೇತುವೆಗೆ ಇನ್ನೊಂದು ಕೆಲಸ ಇದೆ, ವಾಹನ ದಾಟಿಸುವುದು. ಭಾರ, ಓರೆ, ಇಕ್ಕಟ್ಟು, ಬಯಲು ಇವನ್ನು ಬೇರೆ ಯಾವ ಕೆಲಸಕ್ಕೂ ಹಚ್ಚದೆ, ಇವುಗಳನ್ನೇ ಕಟ್ಟಿದರೆ ಏನಾಗುತ್ತದೆ ಅಂತ ಸೆರಾ ಐವತ್ತು ವರ್ಷ ನೋಡಿದರು. ಇನ್ನು ಬೇಲೂರಿನ ವಿಷಯ. ಅಲ್ಲೂ ಒಬ್ಬರೇ ಕೂತು ಇಡೀ ದೇವಸ್ಥಾನ ಕೆತ್ತಲಿಲ್ಲ ಅಲ್ವಾ. ಕಲ್ಲು ತೆಗೆದವರು, ಎಳೆದು ತಂದವರು, ಮೇಲೇರಿಸಿದವರು ಎಷ್ಟೋ ಜನ.

ಪೀಣ್ಯ ರೋಲಿಂಗ್:

ಕಲೆ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಪ್ಲೇಟ್ ಬೆಂಡಿಂಗ್ ಗೊತ್ತು, ಅದೇ ನಮ್ಮ ಕಸುಬು. "ಕಾರ್ಖಾನೆಯವರು ಬಗ್ಗಿಸಿ ಕೊಡುತ್ತಾರೆ" ಅಂದಿದ್ದಕ್ಕೆ ಎರಡು ಮಾತು ಹೇಳಲೇಬೇಕು.

ನಾವು ದಿನಾ ಮಾಡುವುದು ಟ್ಯಾಂಕ್, ಪೈಪ್, ಕೋನ್. ಮೂರು ರೋಲರ್ ಮಧ್ಯೆ ಪ್ಲೇಟ್ ಬಿಟ್ಟು ಹಿಂದೆ ಮುಂದೆ ಓಡಿಸಿದರೆ ಗುಂಡಗೆ ಬರುತ್ತದೆ. ಪೈಪ್ ಆದರೆ ಪ್ಲೇಟನ್ನು ನೇರವಾಗಿ ಬಿಡಬೇಕು. ಕೋನ್ ಆದರೆ ಒಂದು ಕಡೆ ಜಾಸ್ತಿ ಒತ್ತಡ. ಎರಡಕ್ಕೂ ಲೆಕ್ಕ ಇದೆ, ಅನುಭವ ಇದೆ. ಸೆರಾ ಅವರ ಟಾರ್ಕ್ಡ್ ಎಲಿಪ್ಸ್ (ತಿರುಚಿದ ಮೊಟ್ಟೆಯಾಕಾರ) ಅನ್ನುವ ಶಿಲ್ಪ ಪೈಪೂ ಅಲ್ಲ, ಕೋನೂ ಅಲ್ಲ. ಕೆಳಗೆ ನೆಲದ ಮೇಲೆ ಒಂದು ಮೊಟ್ಟೆಯಾಕಾರದ ಸುತ್ತು. ಮೇಲೆ ಅದೇ ಅಳತೆಯ ಇನ್ನೊಂದು ಸುತ್ತು, ಆದರೆ ತಿರುಗಿಸಿ ಇಟ್ಟದ್ದು. ಎರಡಕ್ಕೂ ಮಧ್ಯೆ ಒಂದೇ ಗೋಡೆ ಸುತ್ತಿ ಬರಬೇಕು. ಹಾಗಾಗಿ ಗೋಡೆ ಒಂದು ಕಡೆ ಒಳಕ್ಕೆ ವಾಲುತ್ತದೆ, ನಾಲ್ಕು ಹೆಜ್ಜೆ ಮುಂದೆ ಹೋದರೆ ಹೊರಕ್ಕೆ ವಾಲುತ್ತದೆ. ಇದನ್ನು ರೋಲ್ ಮಾಡುವಾಗ ಬಾಗುವ ಗೆರೆಯ ಕೋನ ಪ್ಲೇಟ್ ಉದ್ದಕ್ಕೂ ಬದಲಾಗುತ್ತಲೇ ಇರುತ್ತದೆ. ಸ್ವಲ್ಪ ಓಡಿಸಬೇಕು, ನಿಲ್ಲಿಸಬೇಕು, ಟೆಂಪ್ಲೇಟ್ ಇಟ್ಟು ನೋಡಬೇಕು, ಪ್ಲೇಟ್ ಓರೆ ಮಾಡಿ ಮತ್ತೆ ಬಿಡಬೇಕು. ಉಕ್ಕು ಬಿಟ್ಟ ಕೂಡಲೇ ಸ್ವಲ್ಪ ವಾಪಸ್ ಬಿಚ್ಚಿಕೊಳ್ಳುತ್ತದೆ, ನಾವು ಸ್ಪ್ರಿಂಗ್ ಬ್ಯಾಕ್ ಅನ್ನುತ್ತೇವೆ. ಅದನ್ನೂ ಲೆಕ್ಕಕ್ಕೆ ಹಿಡಿದು ಸ್ವಲ್ಪ ಜಾಸ್ತಿ ಬಗ್ಗಿಸಬೇಕು. ಅತಿಯಾದರೆ ವಾಪಸ್ ತರುವುದು ಇನ್ನೂ ಕಷ್ಟ.

ಇದೆಲ್ಲ 5 ಸೆಂ.ಮೀ. ದಪ್ಪದಲ್ಲಿ. ಗೋಡೆ 4 ಮೀಟರ್ ಎತ್ತರ ಅಂತ ಹಿಡಿದರೆ ಒಂದು ಮೀಟರ್ ಉದ್ದಕ್ಕೇ ಒಂದೂವರೆ ಟನ್‌ಗಿಂತ ಜಾಸ್ತಿ. ನಮ್ಮ ಏರಿಯಾದ ರೋಲಿಂಗ್ ಶಾಪ್‌ಗಳಲ್ಲಿ ಕೇಳಿದರೆ ಬಹಳ ಜನ ಕೈ ಮುಗಿದು ಕಳಿಸುತ್ತಾರೆ. ಇದನ್ನು ಮೊದಲು ಮಾಡಿಕೊಟ್ಟ ರೋಲಿಂಗ್ ಆಪರೇಟರ್‌ಗೆ ನನ್ನದೊಂದು ನಮಸ್ಕಾರ.

ಉಕ್ಕಿನೂರು:

ಪೀಣ್ಯ ಅಣ್ಣ, ನಿಮ್ಮ ಈ ಉತ್ತರ ಓದಿ ತುಂಬಾ ಖುಷಿಯಾಯಿತು. ಅಲ್ಲೂ ಹಾಗೇ ಆಗಿತ್ತು. ಮೊದಲು ಕೇಳಿದ ಕಡೆಯೆಲ್ಲ ಆಗಲ್ಲ ಅಂದರು.

ಈ ಆಕಾರ ಹೊಳೆದ ಬಗೆಯೂ ಚೆನ್ನಾಗಿದೆ. 1990ರ ದಶಕದ ಶುರುವಿನಲ್ಲಿ ರೋಮ್‌ನಲ್ಲಿ ಬೊರೊಮಿನಿ ಕಟ್ಟಿದ ಸಾನ್ ಕಾರ್ಲೊ ಅನ್ನುವ ಪುಟ್ಟ ಚರ್ಚಿಗೆ ಹೋಗಿದ್ದರು. ಅದರ ನಡುವಿನ ಜಾಗ ಮೊಟ್ಟೆಯಾಕಾರ, ಮೇಲಿನ ಗುಮ್ಮಟವೂ ಅದೇ ಆಕಾರ. ಪಕ್ಕದ ಓಣಿಯಿಂದ ಒಳಗೆ ಬರುತ್ತಾ ನೋಡಿದಾಗ ಮೇಲಿನದು ಕೆಳಗಿನದಕ್ಕಿಂತ ತಿರುಗಿಕೊಂಡಿದೆ ಅಂತ ಅವರಿಗೆ ಕಂಡಿತು. ಮಧ್ಯಕ್ಕೆ ಬಂದು ನೋಡಿದರೆ ಹಾಗೇನೂ ಇರಲಿಲ್ಲ. ಆದರೆ ಆ ಮೊದಲು ಕಂಡದ್ದು ತಲೆಯಲ್ಲಿ ಕೂತುಬಿಟ್ಟಿತು. ಸ್ಟುಡಿಯೊಗೆ ಬಂದು ಮರದ ಎರಡು ಮೊಟ್ಟೆಯಾಕಾರದ ತುಂಡು ಕತ್ತರಿಸಿ, ಒಂದು ಕಡ್ಡಿಯ ಎರಡು ತುದಿಗೆ ಓರೆಯಾಗಿ ಸಿಕ್ಕಿಸಿ, ಅದನ್ನು ಸೀಸದ ಹಾಳೆಯ ಮೇಲೆ ಉರುಳಿಸಿದರು. ಹಾಳೆ ಸುತ್ತಿಕೊಂಡು ಬಂತು. ಅದೇ ಮಾದರಿ. ಇಲ್ಲಿದೆ ನೋಡಿ ದಾರಿಹೋಕ ಸರ್ ನೀವು ಕೇಳಿದ ಕೈಕೆಲಸ. ಆ ಮಾದರಿಯ ಅಳತೆಗಳನ್ನು ವಿಮಾನ ವಿನ್ಯಾಸಕ್ಕೆ ಬಳಸುವ ಕ್ಯಾಟಿಯಾ ಸಾಫ್ಟ್‌ವೇರ್‌ಗೆ ಹಾಕಿದ್ದು ಆರ್ಕಿಟೆಕ್ಟ್ ಫ್ರಾಂಕ್ ಗೆರಿ ಆಫೀಸಿನ ನೆರವಿನಿಂದ. ಕೊನೆಗೆ ಬಗ್ಗಿಸಿಕೊಟ್ಟದ್ದು ಮೇರಿಲ್ಯಾಂಡ್‌ನ ಒಂದು ಹಡಗು ಯಾರ್ಡ್. ಆಮೇಲಿನ ಕೆಲಸಗಳು ಹೆಚ್ಚಾಗಿ ಜರ್ಮನಿಯ ಜೀಗನ್ ಊರಿನಲ್ಲಾದವು.

ಬಿಲ್ಬಾವೊದ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಇವರ "ದ ಮ್ಯಾಟರ್ ಆಫ್ ಟೈಮ್" ಇದೆ. ಸುಮಾರು 130 ಮೀಟರ್ ಉದ್ದದ ಹಾಲ್‌ನಲ್ಲಿ ಎಂಟು ಶಿಲ್ಪ, 2005ರಿಂದ ಕಾಯಂ ಅಲ್ಲೇ. ಕೆಲಸದ ಮೇಲೆ ಸ್ಪೇನಿಗೆ ಹೋಗಿದ್ದಾಗ ನೋಡಿದೆ. ನಾನು ಭದ್ರಾವತಿಯಲ್ಲಿ ಬೆಳೆದವಳು, ಉಕ್ಕು ಅಂದರೆ ಹೊಸದೇನಲ್ಲ. ಆದರೂ ಅದರೊಳಗೆ ನಡೆದಾಗ ಆದದ್ದು ಬೇರೆಯೇ. ಎರಡು ಗೋಡೆ ಮಧ್ಯದ ದಾರಿ ಶುರುವಾಗುವಾಗ ಅಗಲ ಇರುತ್ತದೆ. ಮುಂದೆ ಬಲಗಡೆಯದು ಭುಜದ ಹತ್ತಿರ ಬರುತ್ತದೆ, ತಲೆ ಮೇಲೆ ಬಾಗುತ್ತದೆ, ಎಡಗಡೆಯದು ದೂರ ಸರಿಯುತ್ತದೆ. ನೀವು ನೆಟ್ಟಗೇ ನಡೆಯುತ್ತಿದ್ದೀರಿ ಅಂದುಕೊಂಡಿರುತ್ತೀರಿ, ನೋಡಿದರೆ ಮೈ ಎಡಕ್ಕೆ ವಾಲಿರುತ್ತದೆ. ನಿಮ್ಮ ಚಪ್ಪಲಿ ಸದ್ದು ನಿಮಗಿಂತ ಮುಂದೆ ಹೋಗಿ ವಾಪಸ್ ಬರುತ್ತದೆ. ಇನ್ನೆಷ್ಟು ದೂರ ಅನ್ನುವ ಅಂದಾಜೇ ಸಿಗುವುದಿಲ್ಲ. ಆಮೇಲೆ ಥಟ್ಟನೆ ನಡುವಿನ ಬಯಲು. ಅಲ್ಲಿ ಏನೂ ಇಟ್ಟಿಲ್ಲ. ಜನ ಅಲ್ಲಿ ನಿಂತು ಮೇಲೆ ನೋಡುತ್ತಾರೆ, ಮಕ್ಕಳು ಕೂಗು ಹಾಕುತ್ತಾರೆ.

ಬಿಲ್ಬಾವೊ ಊರೂ ಒಂದು ಕಾಲಕ್ಕೆ ಉಕ್ಕು ಮತ್ತು ಹಡಗಿನ ಊರು. ಕಾರ್ಖಾನೆಗಳು ಮುಚ್ಚಿದ ಮೇಲೆ ಬಂದ ಮ್ಯೂಸಿಯಂ ಅದು. ಅಂಥ ಊರಿಗೆ ಉಕ್ಕು ಮತ್ತೆ ಈ ರೂಪದಲ್ಲಿ ಬಂದದ್ದು ನನ್ನಂಥವರಿಗೆ ಸಣ್ಣ ವಿಷಯ ಅಲ್ಲ.

ದಾರಿಹೋಕ:

ಸೀಸದ ಹಾಳೆಯ ಕಥೆ ನನಗೆ ಗೊತ್ತಿರಲಿಲ್ಲ. ಸರಿ, ಮ್ಯೂಸಿಯಂ ಒಳಗೆ ಏನಾದರೂ ಇಟ್ಟುಕೊಳ್ಳಲಿ. ಬೇಕಾದವರು ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ. ಆದರೆ ಜನ ಓಡಾಡುವ ಜಾಗದಲ್ಲಿ? ನ್ಯೂಯಾರ್ಕಿನಲ್ಲಿ ಇವರ ಶಿಲ್ಪವನ್ನು ಜನರೇ ತೆಗೆಸಿದರು ಅಂತ ಎಲ್ಲೋ ಓದಿದ್ದೆ. ನಾನೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವನು, ಅದಕ್ಕೇ ಕೇಳುತ್ತಿದ್ದೇನೆ.

ಕುಂಚ:

ಅದು "ಟಿಲ್ಟೆಡ್ ಆರ್ಕ್". ಕಲಾ ಶಾಲೆಯಲ್ಲಿ ನಾವು ದಿನಗಟ್ಟಲೆ ಜಗಳ ಆಡಿದ ವಿಷಯ, ಹಾಗಾಗಿ ಪೂರ್ತಿ ಹೇಳುತ್ತೇನೆ.

ಕೆಳ ಮ್ಯಾನ್‌ಹ್ಯಾಟನ್‌ನ ಫೆಡರಲ್ ಪ್ಲಾಜಾ ಅಂದರೆ ಕೇಂದ್ರ ಸರ್ಕಾರದ ದೊಡ್ಡ ಕಚೇರಿ ಕಟ್ಟಡದ ಮುಂದಿನ ಅಂಗಳ. ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯೇ 1979ರಲ್ಲಿ ಸೆರಾ ಅವರಿಗೆ ಕೆಲಸ ಕೊಟ್ಟಿತು. 1981ರಲ್ಲಿ ಶಿಲ್ಪ ನಿಂತಿತು. 120 ಅಡಿ ಉದ್ದ, 12 ಅಡಿ ಎತ್ತರ, ಎರಡೂವರೆ ಇಂಚು ದಪ್ಪದ ಬಾಗಿದ ಉಕ್ಕಿನ ಗೋಡೆ, ಸ್ವಲ್ಪ ವಾಲಿಕೊಂಡು, ಅಂಗಳವನ್ನು ಅಡ್ಡ ಸೀಳಿದ ಹಾಗೆ. ಖರ್ಚು 1,75,000 ಡಾಲರ್. ನೌಕರರಿಗೆ ಸಿಟ್ಟು ಬಂತು. ಮೊದಲು ನೇರ ದಾಟುತ್ತಿದ್ದ ಅಂಗಳವನ್ನು ಈಗ ಸುತ್ತಿ ಹೋಗಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರುವ ಜಾಗ ಹೋಯಿತು. ಗೋಡೆ ಮೇಲೆ ಜನ ಗೀಚಿದರು. ಇಲಿ ಬರುತ್ತವೆ ಅಂದರು, ಬಾಂಬ್ ಇಟ್ಟರೆ ಸ್ಫೋಟವನ್ನು ಇದು ಕಟ್ಟಡದ ಕಡೆಗೇ ತಿರುಗಿಸುತ್ತದೆ ಅಂತಲೂ ಅಂದರು. 1985ರ ಮಾರ್ಚ್‌ನಲ್ಲಿ ಮೂರು ದಿನ ಬಹಿರಂಗ ವಿಚಾರಣೆ ನಡೆಯಿತು. ಮಾತಾಡಿದ 180 ಜನರಲ್ಲಿ 122 ಮಂದಿ ಇರಲಿ ಅಂದರು, 58 ಮಂದಿ ತೆಗೆಯಿರಿ ಅಂದರು. ಆದರೂ ಸಮಿತಿ ತೆಗೆಯಬೇಕು ಅಂತ 4-1ರಲ್ಲಿ ತೀರ್ಮಾನ ಮಾಡಿತು.

ಬೇರೆ ಕಡೆ ನಿಲ್ಲಿಸೋಣ ಅಂದರು. ಇದು ಈ ಅಂಗಳದ ಅಳತೆಗೆ, ಇಲ್ಲಿಯ ಓಡಾಟಕ್ಕೆ ಮಾಡಿದ್ದು, ಕಿತ್ತರೆ ನಾಶ ಮಾಡಿದ ಹಾಗೇ ಅಂತ ಸೆರಾ ಹಟ ಹಿಡಿದರು. ಕೋರ್ಟಿಗೆ ಹೋದರು, ಸೋತರು. 1989ರ ಮಾರ್ಚ್ 15ರ ರಾತ್ರಿ ಅದನ್ನು ಕತ್ತರಿಸಿ ತೆಗೆದರು. ಮೂರು ತುಂಡು ಗೋದಾಮಿಗೆ ಹೋದವು, ಮತ್ತೆ ಯಾವತ್ತೂ ಎದ್ದು ನಿಲ್ಲಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ನಾನು ನೌಕರರ ಪರ. ಸೆರಾ ದೊಡ್ಡ ಕಲಾವಿದ ನಿಜ. ಆದರೆ ದಿನಾ ಬೆಳಗ್ಗೆ ಕೆಲಸಕ್ಕೆ ಬರುವ ಟೈಪಿಸ್ಟ್‌ಗೆ ಆ ಗೋಡೆ ಬೇಡ ಅನ್ನುವ ಹಕ್ಕು ಇರಲೇಬೇಕು. ಅವಳನ್ನು ಯಾರೂ ಮೊದಲು ಕೇಳಲಿಲ್ಲ.

ಪೀಣ್ಯ ರೋಲಿಂಗ್:

ಅಳತೆ ಕೊಟ್ಟಿದ್ದಕ್ಕೆ ಲೆಕ್ಕ ಹಾಕಿದೆ. 36.6 ಮೀ. × 3.66 ಮೀ. × 6.4 ಸೆಂ.ಮೀ., ಉಕ್ಕು ಘನ ಮೀಟರಿಗೆ 7,850 ಕೆ.ಜಿ. ಒಟ್ಟು 67 ಟನ್ ಬರುತ್ತದೆ. ಒಂದೇ ರಾತ್ರಿ ಗ್ಯಾಸ್ ಕಟಿಂಗ್ ಮಾಡಿ ಸಾಗಿಸಿದ್ದಾರೆ ಅಂದರೆ ಬಹಳ ತಯಾರಿ ಮಾಡಿಕೊಂಡೇ ಬಂದಿದ್ದಾರೆ.

ಉಕ್ಕಿನೂರು:

ಕುಂಚ ಅವರೇ, ಇದರಲ್ಲಿ ನಾನು ಸೆರಾ ಪರ. ಆದರೆ ನೀವು ಹೇಳಿದ ಟೈಪಿಸ್ಟ್‌ಳನ್ನು ಮರೆತು ಅಲ್ಲ.

ಮೊದಲನೆಯದು, ಸರ್ಕಾರವೇ ಕರೆದು ಕೊಟ್ಟ ಕೆಲಸ ಇದು. ಮಾದರಿ ನೋಡಿದರು, ಜಾಗ ನೋಡಿದರು, ಎಂಜಿನಿಯರ್‌ಗಳ ಹತ್ತಿರ ಪರೀಕ್ಷೆ ಮಾಡಿಸಿದರು, ಒಪ್ಪಿದರು. ಆಮೇಲೆ ಬೇರೆ ಅಧಿಕಾರಿ ಬಂದು ಬೇಡ ಅಂದರೆ? ಜನರನ್ನು ಕೇಳಬೇಕಿತ್ತು ಅನ್ನುವುದು ಸರಿ. ಕೇಳಬೇಕಾಗಿದ್ದವರು ಇಲಾಖೆಯವರು. ಅವರು ಮಾಡದ ಕೆಲಸಕ್ಕೆ ಶಿಲ್ಪಿ ಬೆಲೆ ಕಟ್ಟಬೇಕಾಯಿತು.

ಎರಡನೆಯದು, ಆ ಅಂಗಳ ಮೊದಲು ಅಷ್ಟೇನೂ ಚೆನ್ನಾಗಿರಲಿಲ್ಲ. ಗಾಳಿ ಹೊಡೆಯುವ ಕಲ್ಲುಹಾಸು, ಬಹಳ ಕಾಲ ಕೆಟ್ಟು ನಿಂತ ಕಾರಂಜಿ. ಶಿಲ್ಪ ಹೋದ ಮೇಲೆ 1990ರ ದಶಕದಲ್ಲಿ ಉದ್ಯಾನ ವಿನ್ಯಾಸಕಿ ಮಾರ್ಥಾ ಶ್ವಾರ್ಟ್ಜ್ ಅಲ್ಲಿ ಸುರುಳಿ ಸುರುಳಿಯಾದ ಹಸಿರು ಬೆಂಚು ಹಾಕಿದರು. ಅದನ್ನೂ ಮುಂದೆ ತೆಗೆದುಹಾಕಿ ಮತ್ತೆ ಹೊಸದಾಗಿ ಮಾಡಿದರು. ಅಂದರೆ ಜಾಗದ ಸಮಸ್ಯೆ ಶಿಲ್ಪ ಒಂದರಿಂದಲೇ ಬಂದದ್ದಲ್ಲ.

ಮೂರನೆಯದು ನನಗೆ ಮುಖ್ಯ. ದಾರಿಗೆ ಅಡ್ಡ ಬಂತು ಅನ್ನುವುದೇ ದೂರು. ಅಡ್ಡ ಬರಬೇಕು ಅಂತಲೇ ಅವರು ಇಟ್ಟದ್ದು. ದಿನಾ ತಲೆ ತಗ್ಗಿಸಿ ದಾಟುವ ಜಾಗವನ್ನು ಒಮ್ಮೆ ತಲೆ ಎತ್ತಿ ನೋಡಲಿ, ನಾನು ಎಲ್ಲಿ ನಡೆಯುತ್ತಿದ್ದೇನೆ ಅಂತ ಗೊತ್ತಾಗಲಿ ಅಂತ. ಅದು ಎಲ್ಲರಿಗೂ ಹಿತ ಅನಿಸಬೇಕಾಗಿಲ್ಲ. ಎಲ್ಲರಿಗೂ ಹಿತವಾದದ್ದನ್ನೇ ಇಡಬೇಕು ಅಂದರೆ ಸರ್ಕಲ್‌ಗಳಲ್ಲಿ ಕಾರಂಜಿ ಬಿಟ್ಟು ಇನ್ನೇನೂ ಉಳಿಯುವುದಿಲ್ಲ.

ದಾರಿಹೋಕ:

ಮೇಡಂ, ನೀವು ಮೂರನೆಯದನ್ನು ಹೇಳಿದಾಗಲೇ ನನಗೆ ಕುಂಚ ಅವರ ಮಾತು ಸರಿ ಅನಿಸಿದ್ದು. ನಾನು ಎಲ್ಲಿ ನಡೆಯುತ್ತಿದ್ದೇನೆ ಅಂತ ನನಗೆ ನೆನಪಿಸಬೇಕು ಅಂತ ನಾನು ಯಾರನ್ನೂ ಕೇಳಿಲ್ಲ. ಮೊಣಕಾಲು ನೋವಿರುವ ನೌಕರರಿಗೆ 120 ಅಡಿ ಸುತ್ತು ಅಂದರೆ ಸುತ್ತೇ. ಬಿಲ್ಬಾವೊಗೆ ನಾನು ಹೋಗಿ ಬರುತ್ತೇನೆ, ಅವಕಾಶ ಸಿಕ್ಕರೆ ಖಂಡಿತ. ನನ್ನ ಕಚೇರಿ ಅಂಗಳಕ್ಕೆ ಮಾತ್ರ ಬೇಡ.

ಕುಂಚ:

ಒಂದು ವಿಷಯ ಸೇರಿಸುತ್ತೇನೆ. ಇದು ಮುಗಿದ ಮಾರನೇ ವರ್ಷ, 1990ರಲ್ಲಿ, ಕಲಾವಿದರ ಕೃತಿಯನ್ನು ಮನಸ್ಸಿಗೆ ಬಂದ ಹಾಗೆ ಕೆಡಿಸುವ ಹಾಗಿಲ್ಲ ಅಂತ ಅಮೆರಿಕದಲ್ಲಿ ಕಾನೂನು ಬಂತು. ಟಿಲ್ಟೆಡ್ ಆರ್ಕ್‌ಗೆ ಅದರಿಂದ ಉಪಯೋಗ ಆಗಲಿಲ್ಲ. ಆದರೆ ಆಮೇಲೆ ಸಾರ್ವಜನಿಕ ಜಾಗದಲ್ಲಿ ಏನಾದರೂ ಇಡುವ ಮೊದಲು ಅಲ್ಲಿಯವರನ್ನು ಕೂರಿಸಿ ಮಾತಾಡುವ ಪದ್ಧತಿ ಜಾಸ್ತಿಯಾದದ್ದಂತೂ ನಿಜ.

ಪೀಣ್ಯ ರೋಲಿಂಗ್:

ನಾನು ಬೇರೆ ಒಂದು ಕೇಳಬೇಕು. ಇಷ್ಟು ತೂಕದ ಪ್ಲೇಟ್ ಎತ್ತಿ ನಿಲ್ಲಿಸುವಾಗ ಅಪಘಾತ ಆಗಿಲ್ವಾ? ನಮ್ಮ ಕೆಲಸದಲ್ಲಿ ಎರಡು ಟನ್ ಪ್ಲೇಟ್ ಸ್ಲಿಂಗ್‌ನಿಂದ ಜಾರಿದರೂ ಸಾಕು. ಕೆಳಗೆ ಯಾರೂ ಇರಬಾರದು ಅಂತ ಎಷ್ಟು ಹೇಳಿದರೂ ಯಾರಾದರೂ ಬಂದು ನಿಲ್ಲುತ್ತಾರೆ.

ಉಕ್ಕಿನೂರು:

ಆಗಿದೆ ಅಣ್ಣ. 1971ರಲ್ಲಿ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ನಲ್ಲಿ ಶಿಲ್ಪ ನಿಲ್ಲಿಸುವಾಗ ಪ್ಲೇಟ್ ಬಿದ್ದು ಒಬ್ಬ ಕೆಲಸಗಾರ ಸತ್ತರು. 1988ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಶಿಲ್ಪ ಬಿಚ್ಚುವಾಗ ಉಕ್ಕು ಉರುಳಿ ಇಬ್ಬರಿಗೆ ಪೆಟ್ಟಾಯಿತು, ಒಬ್ಬರ ಕಾಲು ಹೋಯಿತು. 1971ರ ಆ ಸಾವಿನ ಹೊಣೆ ಸೆರಾ ಮೇಲೆ ಅಂತ ಕೋರ್ಟಿನಲ್ಲಿ ಸಾಬೀತಾಗಲಿಲ್ಲ. ಆದರೂ ಆಮೇಲೆ ವರ್ಷಗಟ್ಟಲೆ ಅವರನ್ನು ಅದು ಕಾಡಿತು, ಶಿಲ್ಪ ಮಾಡುವುದನ್ನೇ ಬಿಡು ಅಂತ ಹೇಳಿದ ಗೆಳೆಯರೂ ಇದ್ದರು. ಅವರನ್ನು ಮೆಚ್ಚುವ ನಮ್ಮಂಥವರು ಇದನ್ನು ಪಕ್ಕಕ್ಕಿಟ್ಟು ಮಾತಾಡಬಾರದು. ಭಾರ ಅವರ ವಿಷಯ ಆಗಿತ್ತು ಅಂತ ನಾವು ಸುಲಭವಾಗಿ ಬರೆಯುತ್ತೇವೆ. ಆ ಭಾರವನ್ನು ಎತ್ತಿದವರು ಬೇರೆಯವರು.

ಪೀಣ್ಯ ರೋಲಿಂಗ್:

ಈ ಮಾತು ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಮ್ಯೂಸಿಯಂ ಬೋರ್ಡಿನಲ್ಲಿ ರಿಗ್ಗರ್‌ಗಳ, ಅಂದರೆ ಭಾರ ಎತ್ತಿ ನಿಲ್ಲಿಸುವವರ ಹೆಸರೂ ಇರಬೇಕು ಅಂತ ನನ್ನ ಆಸೆ.

ಕರಾವಳಿ:

ಇಲ್ಲಿಯವರೆಗೆ ಓದುತ್ತಾ ಇದ್ದೆ. ಒಂದು ಸಂಶಯ. ಇದಕ್ಕೆ ಪೇಂಟ್ ಹೊಡೆಯುವುದಿಲ್ವಾ? ನಮ್ಮ ಉಡುಪಿ ಕಡೆ ಗೇಟಿಗೆ ಎರಡು ಮಳೆಗಾಲ ಪೇಂಟ್ ತಪ್ಪಿದರೆ ಕೈಯಲ್ಲಿ ಪುಡಿಯಾಗಿ ಬರುತ್ತದೆ.

ಪೀಣ್ಯ ರೋಲಿಂಗ್:

ಅದು ಮಾಮೂಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್ ಅಲ್ಲ, ಕಾರ್ಟೆನ್ ಅನ್ನುವ ಜಾತಿ. ತಾಮ್ರ, ಕ್ರೋಮಿಯಂ, ನಿಕಲ್ ಸ್ವಲ್ಪ ಸ್ವಲ್ಪ ಸೇರಿರುತ್ತದೆ. ಮಳೆಗೆ ನೆನೆದು, ಒಣಗಿ, ಮತ್ತೆ ನೆನೆದು ಮೇಲೆ ತುಕ್ಕಿನ ಗಟ್ಟಿ ಪದರ ಕಟ್ಟುತ್ತದೆ. ಆ ಪದರವೇ ಒಳಗಿನ ಉಕ್ಕನ್ನು ಕಾಯುತ್ತದೆ. ಮೊದಲು ಕಿತ್ತಳೆ ಬಣ್ಣ, ವರ್ಷಗಳು ಕಳೆದ ಹಾಗೆ ಕಡು ಕಂದು. ಆದರೆ ಯಾವಾಗಲೂ ತೇವ ಇರುವ ಕಡೆ, ಉಪ್ಪು ಗಾಳಿ ಜಾಸ್ತಿ ಇರುವ ಕಡೆ ಪದರ ಸರಿಯಾಗಿ ಕೂರುವುದಿಲ್ಲ. ನಿಮ್ಮ ಗೇಟಿಗೆ ಪೇಂಟೇ ಸರಿ.

ಕುಂಚ:

ಇನ್ನೊಂದು ಘಟನೆ ಹೇಳದೆ ಇರಲಾರೆ. ಮ್ಯಾಡ್ರಿಡ್‌ನ ರೀನಾ ಸೋಫಿಯಾ ಮ್ಯೂಸಿಯಂಗೆ 1986ರಲ್ಲಿ ಸೆರಾ ಮಾಡಿದ್ದ ನಾಲ್ಕು ಉಕ್ಕಿನ ದಿಮ್ಮಿಗಳ ಶಿಲ್ಪ, 38 ಟನ್. ಜಾಗ ಇಲ್ಲ ಅಂತ ಹೊರಗಿನ ಗೋದಾಮಿಗೆ ಕಳಿಸಿದ್ದರು. 2005ರಲ್ಲಿ ಮತ್ತೆ ಪ್ರದರ್ಶನಕ್ಕೆ ಇಡೋಣ ಅಂತ ಹುಡುಕಿದರೆ ಇಲ್ಲ! 38 ಟನ್ ಉಕ್ಕು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಸೆರಾ ಅದನ್ನೇ ಮತ್ತೆ ಮಾಡಿಕೊಟ್ಟರು, ಇದನ್ನೇ ಮೂಲ ಅಂತ ತಿಳಿಯಿರಿ ಅಂದರು. ಟಿಲ್ಟೆಡ್ ಆರ್ಕ್ ಒಂದಡಿ ಸರಿಸಲೂ ಒಪ್ಪದಿದ್ದ ಮನುಷ್ಯ ಇಲ್ಲಿ ಇಡೀ ಶಿಲ್ಪವನ್ನೇ ಎರಡನೇ ಸಲ ಮಾಡಿದರು. ಅವರಿಗೆ ಜಾಗ ಮುಖ್ಯ, ಉಕ್ಕು ಅದೇ ಆಗಬೇಕು ಅಂತಿರಲಿಲ್ಲ.

ಹಡ್ಸನ್ ಕನ್ನಡತಿ:

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವವರಿಗೆ: ಟಾರ್ಕ್ಡ್ ಎಲಿಪ್ಸ್ ನೋಡಲು ಸ್ಪೇನಿಗೆ ಹೋಗಬೇಕಾಗಿಲ್ಲ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಹಡ್ಸನ್ ಲೈನ್ ರೈಲು ಹತ್ತಿ ಬೀಕನ್‌ನಲ್ಲಿ ಇಳಿಯಿರಿ, ಒಂದೂವರೆ ಗಂಟೆ. ಸ್ಟೇಷನ್ನಿಂದ ಡಿಯಾ ಮ್ಯೂಸಿಯಂಗೆ ನಡೆದೇ ಹೋಗಬಹುದು. ಬಿಸ್ಕತ್ತು ಡಬ್ಬಗಳಿಗೆ ಪ್ರಿಂಟ್ ಮಾಡುತ್ತಿದ್ದ ಹಳೇ ಕಾರ್ಖಾನೆ ಅದು. ಒಳಗೆಲ್ಲ ಹಗಲು ಬೆಳಕು. ನನ್ನ ಅಮ್ಮ ಶಿರಸಿಯಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ಉಳಿದ ಕೋಣೆಗಳನ್ನು ಬೇಗ ಬೇಗ ದಾಟಿದರು. ಸೆರಾ ಶಿಲ್ಪದೊಳಗೆ ಮಾತ್ರ ಹೋಗಿ ಬಂದು, "ಇನ್ನೊಂದ್ ಸಲ ಹೋಪನ ಬಾರೆ" ಅಂದರು.

ದೋಹಾ ಕನ್ನಡಿಗ:

ಕೊಲ್ಲಿಯಲ್ಲಿರುವ ಕನ್ನಡಿಗರು ಇದನ್ನು ನೋಡದೆ ಊರಿಗೆ ಹೋಗಬೇಡಿ. ಕತಾರ್‌ನಲ್ಲಿ ಇವರದು ಎರಡು ಇವೆ. ಒಂದು ದೋಹಾದಲ್ಲೇ, ಇಸ್ಲಾಮಿಕ್ ಮ್ಯೂಸಿಯಂ ಪಾರ್ಕಿನಲ್ಲಿ ಏಳು ಪ್ಲೇಟಿನ ಗೋಪುರ, 24 ಮೀಟರ್ ಎತ್ತರ, 2011ರಲ್ಲಿ ಆದದ್ದು. ನಾವು ಶುಕ್ರವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗುವ ಪಾರ್ಕ್ ಅದು. ಒಳಗೆ ನಿಂತು ಮೇಲೆ ನೋಡಿದರೆ ಆಕಾಶದ ಒಂದು ತುಂಡು ಕಾಣುತ್ತದೆ.

ಇನ್ನೊಂದು ದೋಹಾದಿಂದ ಸುಮಾರು 60 ಕಿ.ಮೀ. ದೂರ, ಜಿಕ್ರೀತ್ ಹತ್ತಿರದ ಮರುಭೂಮಿಯಲ್ಲಿ. 2014ರಲ್ಲಿ ನಿಲ್ಲಿಸಿದರು. ನಾಲ್ಕು ಪ್ಲೇಟ್, ಒಂದು ಕಿಲೋಮೀಟರ್‌ಗಿಂತ ಉದ್ದಕ್ಕೆ, ಸಾಲಾಗಿ. ಎರಡೂ ಬದಿಯಲ್ಲಿ ಕಲ್ಲಿನ ದಿಬ್ಬಗಳು. ಒಂದರ ಬುಡದಲ್ಲಿ ನಿಂತರೆ 14 ಮೀಟರ್‌ಗಿಂತ ಎತ್ತರ. ದೂರದ್ದು ಕಡ್ಡಿಯಷ್ಟು ಕಾಣುತ್ತದೆ. ಅದರ ಕಡೆ ನಡೆಯುತ್ತಾ ಹೋದ ಹಾಗೆ ಹಿಂದಿನದು ಚಿಕ್ಕದಾಗುತ್ತದೆ. ಅಲ್ಲಿ ಟಿಕೆಟ್ ಇಲ್ಲ, ಬೇಲಿ ಇಲ್ಲ. ಜನ ಅದರ ಮೇಲೆ ಹೆಸರು ಗೀಚಿ ಹಾಳು ಮಾಡಿದ್ದಾರೆ, ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ದಾರಿಹೋಕ:

ಮರುಭೂಮಿಯಲ್ಲಿ ಇಟ್ಟದ್ದು ನನಗೆ ಒಪ್ಪಿಗೆ. ಯಾರ ದಾರಿಗೂ ಅಡ್ಡ ಇಲ್ಲ.

ಉಕ್ಕಿನೂರು:

ದಾರಿಹೋಕ ಸರ್, ಅಲ್ಲಿ ಇನ್ನೊಂದು ವಿಶೇಷ ಇದೆ. ನಾಲ್ಕು ಪ್ಲೇಟಿನ ಎತ್ತರ ಒಂದೇ ಅಲ್ಲ. ನೆಲ ತಗ್ಗಿದ್ದಲ್ಲಿ ಉದ್ದದ ಪ್ಲೇಟ್, ಉಬ್ಬಿದ್ದಲ್ಲಿ ಚಿಕ್ಕದು. ಆದರೆ ಮೇಲಿನ ತುದಿಗಳು ನಾಲ್ಕೂ ಒಂದೇ ಮಟ್ಟಕ್ಕೆ ಬರುತ್ತವೆ, ಪಕ್ಕದ ದಿಬ್ಬಗಳ ತಲೆಯ ಮಟ್ಟಕ್ಕೂ. ನೆಲ ಸಪಾಟಾಗಿದೆ ಅಂತ ನೀವು ಅಂದುಕೊಂಡಿರುತ್ತೀರಿ. ಪ್ಲೇಟ್‌ಗಳನ್ನು ನೋಡಿದ ಮೇಲೆ ಅದು ಏರಿಳಿಯುವುದು ತಿಳಿಯುತ್ತದೆ. 1970ರ ಸುಮಾರಿಗೆ ಕೆನಡಾದ ಹೊಲವೊಂದರಲ್ಲಿ ಕಾಂಕ್ರೀಟ್ ಗೋಡೆಗಳಿಂದ ಇದೇ ವಿಚಾರವನ್ನು ಅವರು ಮೊದಲು ಮಾಡಿ ನೋಡಿದ್ದರು.

ಪೀಣ್ಯ ರೋಲಿಂಗ್:

ಒಂದು ಕಿಲೋಮೀಟರ್ ಉದ್ದಕ್ಕೆ ಮೇಲಿನ ತುದಿ ಒಂದೇ ಲೆವೆಲ್, ಅದೂ ಮರಳಲ್ಲಿ! ಅಡಿಪಾಯ ಹಾಕಿದವರ ಕೆಲಸ ನೋಡಬೇಕು. ಭಾವ ದೋಹಾದಲ್ಲೇ ಇದ್ದಾನೆ, ಡಿಸೆಂಬರ್‌ನಲ್ಲಿ ಬಾ ಅಂತ ಕರೆಯುತ್ತಿದ್ದಾನೆ. ದೋಹಾ ಕನ್ನಡಿಗ ಸರ್, ಅಲ್ಲಿಗೆ ಹೋಗುವುದು ಹೇಗೆ? ಟ್ಯಾಕ್ಸಿ ಸಿಗುತ್ತಾ?

ದೋಹಾ ಕನ್ನಡಿಗ:

ಟ್ಯಾಕ್ಸಿ ನಂಬಿಕೊಂಡು ಹೋಗಬೇಡಿ, ವಾಪಸ್ ಬರಲು ಸಿಗುವುದಿಲ್ಲ. ಕೊನೆಯ ಕೆಲವು ಕಿಲೋಮೀಟರ್ ಟಾರ್ ರಸ್ತೆ ಇಲ್ಲ, ಫೋರ್ ವೀಲ್ ಡ್ರೈವ್ ಇದ್ದರೆ ಒಳ್ಳೆಯದು. ಡಿಸೆಂಬರ್ ಹವೆ ಚೆನ್ನಾಗಿರುತ್ತದೆ. ನೀರು, ತಿಂಡಿ ನೀವೇ ಒಯ್ಯಬೇಕು, ಅಲ್ಲಿ ಅಂಗಡಿ ಇಲ್ಲ. ಬಿಸಿಲು ಇಳಿಯುವ ಎರಡು ಗಂಟೆ ಮೊದಲು ಹೋಗಿ, ನಾಲ್ಕೂ ಪ್ಲೇಟ್ ನಡೆದು ಮುಗಿಸಲು ಅಷ್ಟು ಹೊತ್ತು ಬೇಕು. ಬರುವ ಮೊದಲು ಇಲ್ಲೇ ತಿಳಿಸಿ ಅಣ್ಣ, ಶುಕ್ರವಾರ ಆದರೆ ನಮ್ಮ ಗಾಡಿಯಲ್ಲೇ ಹೋಗೋಣ.